ಅಟ್ಟದ ಮೇಲಿನ ಅಡವಿ

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳ ಹಳೆಯ ಮನೆಗಳು ಒಂದೊಂದಾಗಿ ನೆಲಕ್ಕೊರಗುತ್ತಿವೆ. ಮುಂದೆ ಅಂಗಡಿ, ಹಿಂದೆ ಪಡಸಾಲೆ, ಅದರಾಚೆ ಅಡುಗೆಮನೆ, ನಡುವೆ ಕಂಬಗಳ ಸಾಲು. ಹೀಗೆ ದವಸದ ವ್ಯಾಪಾರಿಗಳೂ ಹತ್ತಿಯ ವ್ಯಾಪಾರಿಗಳೂ ಕಟ್ಟಿಸಿಕೊಂಡ ಮನೆಗಳವು. ಅವುಗಳ ಜಾಗದಲ್ಲಿ ಗಾಜಿನ ಮುಖದ ವಾಣಿಜ್ಯ ಸಂಕೀರ್ಣಗಳು ಏಳುತ್ತವೆ. ಮನೆಯೊಡೆಯರು ಊರ ಹೊರಗಿನ ಬಡಾವಣೆಗೆ ತೆರಳುವಾಗ ಅಟ್ಟದ ಮೇಲಿದ್ದ ಮಂಚ, ಸಂದೂಕ, ಗಲ್ಲಾಪೆಟ್ಟಿಗೆ, ಬೆತ್ತ ಹರಿದ ಆರಾಮಕುರ್ಚಿಗಳು ಗುಜರಿಯವನ ಗಾಡಿ ಏರುತ್ತವೆ. ಅದೇ ವಾರ ಹೊಸ ಮನೆಗೆ ಕಂತಿನ ಮೇಲೆ ‘ವುಡನ್ ಫರ್ನಿಚರ್’ ಬಂದಿಳಿಯುತ್ತದೆ. ಅದರಲ್ಲಿ ಮರವೆಂದು ಕಾಣುವುದು ಹಲಗೆಯ ಮೇಲೆ ಅಂಟಿಸಿದ ಕಾಗದದಲ್ಲಿ ಮುದ್ರಿತವಾದ ಮರದ ಚಿತ್ರ ಮಾತ್ರ.

ಇದನ್ನು ಅಭಿರುಚಿಯ ಪ್ರಶ್ನೆಯೆಂದು ಭಾವಿಸುವವರಿದ್ದಾರೆ. ಪತ್ರಿಕೆಗಳ ಗೃಹಾಲಂಕಾರ ಪುರವಣಿಗಳು ಹಾಗೆಯೇ ಬರೆಯುತ್ತವೆ. ಹಳೆಯದು ಬೇಕೆನ್ನುವವರಿಗೆ ಒಂದು ಪುಟ, ಹೊಸದು ಬೇಕೆನ್ನುವವರಿಗೆ ಇನ್ನೊಂದು ಪುಟ. ಎರಡರ ಕೆಳಗೂ ಜಾಹೀರಾತು. ಆದರೆ ಘಟ್ಟದ ಕೆಳಗಿನ ಬಯಲಿನಲ್ಲಿ ಕೊಳ್ಳುವ ಪ್ರತಿಯೊಂದು ಕಪಾಟಿನ ಲೆಕ್ಕವೂ ಘಟ್ಟದ ಮೇಲೆ ಎಲ್ಲೋ ಬರೆಯಲ್ಪಡುತ್ತದೆ. ಆ ಲೆಕ್ಕದ ಪುಸ್ತಕವನ್ನು ಯಾರೂ ಬಿಚ್ಚಿ ನೋಡುತ್ತಿಲ್ಲವೆಂಬುದೇ ಇಲ್ಲಿನ ತಕರಾರು.

ಮೊದಲು ಹಳೆಯ ಮರದ ಮೂಲವನ್ನು ನೋಡಬೇಕು. ದಾವಣಗೆರೆಯ ಸುತ್ತಣ ನೆಲ ಜಾಲಿ, ಬೇವು, ಹುಣಸೆಗಳ ನೆಲ. ಮಂಡಿಪೇಟೆಯ ಕಂಬಗಳ ಸಾಗುವಾನಿಯೂ ಆರಾಮಕುರ್ಚಿಯ ಬೀಟೆಯೂ ಬಂದದ್ದು ಮಲೆನಾಡಿನಿಂದ: ಭದ್ರಾವತಿ, ಶಿವಮೊಗ್ಗಗಳ ಕಡೆಯ ಕಾಡುಗಳಿಂದ, ದಾಂಡೇಲಿಯ ನಾಟಾ ಡಿಪೋಗಳಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೀಟರ್‌ಗೇಜ್ ರೈಲು ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದ ಮೇಲೆ ಈ ಸಾಗಣೆ ಇನ್ನಷ್ಟು ಸಲೀಸಾಯಿತು. ಎತ್ತಿನ ಗಾಡಿಯಲ್ಲಿ ಇಳಿದದ್ದೆಷ್ಟು, ರೈಲಿನಲ್ಲಿ ಇಳಿದದ್ದೆಷ್ಟು ಎಂಬುದಕ್ಕಿಂತ, ಇಳಿದದ್ದೆಲ್ಲವೂ ಒಂದೇ ದಿಕ್ಕಿನಿಂದ ಎಂಬುದು ಮುಖ್ಯ. ಸಾಗುವಾನಿ, ಬೀಟೆ, ಶ್ರೀಗಂಧಗಳ ಮೇಲೆ ಮೈಸೂರು ಸಂಸ್ಥಾನವೂ ಬ್ರಿಟಿಷ್ ಸರ್ಕಾರವೂ ತಮ್ಮ ಹಕ್ಕನ್ನು ಸ್ಥಾಪಿಸಿಕೊಂಡಿದ್ದವು. ತನ್ನ ಹಿತ್ತಲಿನ ಬೀಟೆಯನ್ನು ಮಲೆನಾಡಿನ ಒಕ್ಕಲು ಮುಟ್ಟುವಂತಿರಲಿಲ್ಲ. ಅದೇ ಬೀಟೆ ಹರಾಜಿನಲ್ಲಿ ಹಾದು ಪೇಟೆಯ ಸಾಹುಕಾರನ ಪಡಸಾಲೆಯಲ್ಲಿ ಕುರ್ಚಿಯಾಗಿ ಕೂರುತ್ತಿತ್ತು. ೧೯೨೩ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ತನ್ನ ಕುಲುಮೆಗೆ ಮಲೆನಾಡಿನ ಮರದ ಇದ್ದಿಲನ್ನು ಸುಟ್ಟಿತು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಾಗ ಕಾಡಿನ ಕಣಿವೆಯೊಂದು ಮುಳುಗಿತು. ಆ ನೀರಿನಿಂದ ದಾವಣಗೆರೆಯ ಬಯಲು ಭತ್ತದ ಗದ್ದೆಯಾಯಿತು. ಬಯಲಿನ ಸಮೃದ್ಧಿಗೆ ಬೆಟ್ಟ ತೆತ್ತ ಬೆಲೆಯ ಒಂದು ಪುಟ್ಟ ರಶೀದಿಯೇ ಅಟ್ಟದ ಮೇಲಿನ ಆ ಮಂಚ.

ಹಾಗಿದ್ದರೆ ಹಳೆಯ ಮರದ ಸಾಮಾನೂ ಕೊಳ್ಳೆಯ ಮಾಲೇ ಅಲ್ಲವೇ, ಅದರ ಮೇಲೇಕೆ ಇಷ್ಟು ಮಮತೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೊಳ್ಳೆಯ ಮಾಲನ್ನು ಸೌದೆ ಮಾಡಿದರೆ ಕೊಳ್ಳೆಗೊಂಡವನಿಗೆ ಏನೂ ಹಿಂದಿರುಗುವುದಿಲ್ಲ. ಎದೆಯಗಲದ ಕಾಂಡವಾಗಲು ಬೀಟೆಗೆ ನೂರಾರು ವರ್ಷ ಬೇಕು. ಕಾಡು ಕಡಿದು ನೆಟ್ಟ ಸರ್ಕಾರಿ ಸಾಗುವಾನಿ ತೋಪುಗಳಲ್ಲಿಯೂ ಅರಣ್ಯ ಇಲಾಖೆ ಹಿಂದೆ ಅರವತ್ತು ಎಂಬತ್ತು ವರ್ಷಗಳ ಕಟಾವಿನ ಅವಧಿಯನ್ನು ಇಟ್ಟುಕೊಂಡಿತ್ತು. ಅಷ್ಟು ಕಾಲ ಗಾಳಿಯಿಂದ ಹೀರಿದ ಇಂಗಾಲ ಆ ಮರದೊಳಗೇ ಇದೆ. ಒಣಗಿದ ಮರದ ತೂಕದಲ್ಲಿ ಸರಿಸುಮಾರು ಅರ್ಧಪಾಲು ಇಂಗಾಲವೇ. ಮಂಚ ಮಂಚವಾಗಿ ಉಳಿದಿರುವವರೆಗೆ ಅದು ಅಲ್ಲಿಯೇ ಇರುತ್ತದೆ. ಒಲೆಗೆ ಹೋದ ದಿನ ಒಂದು ಮಧ್ಯಾಹ್ನದೊಳಗೆ ಆಕಾಶ ಸೇರುತ್ತದೆ. ಬೆಟ್ಟ ಒಮ್ಮೆ ತೆತ್ತಾಗಿದೆ. ಅದೇ ವಸ್ತುವಿಗಾಗಿ ಎರಡನೆಯ ಬಾರಿ ತೆರುವಂತೆ ಮಾಡಬಾರದೆಂಬುದಷ್ಟೇ ವಾದ.

ಎರಡನೆಯ ಬಾರಿ ತೆರುವುದೆಂದರೇನು ಎಂಬುದನ್ನು ತಿಳಿಯಲು ದಾವಣಗೆರೆಯಿಂದ ದೂರ ಹೋಗಬೇಕಿಲ್ಲ. ಹರಿಹರದ ಸೇತುವೆಯನ್ನು ದಾಟಿದರೆ ಸಾಕು. ಎದುರು ದಡದ ಕುಮಾರಪಟ್ಟಣದಲ್ಲಿ ೧೯೭೨ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ನೀಲಗಿರಿಯ ದಿಮ್ಮಿಯನ್ನು ಚೂರು ಮಾಡಿ, ರಾಸಾಯನಿಕಗಳಲ್ಲಿ ಬೇಯಿಸಿ, ರೇಯಾನ್ ನೂಲಿಗೆ ಬೇಕಾದ ತಿರುಳನ್ನು ತೆಗೆಯುವುದು ಅದರ ಕೆಲಸ. ನದಿಯ ನೀರು ಬಣ್ಣಗೆಟ್ಟಿತು, ಮೀನುಗಳು ಸತ್ತವು, ಕೆಳಹರಿವಿನ ಹಳ್ಳಿಗಳ ಜನ ಬೀದಿಗಿಳಿದರು. ತಿರುಳಿಗೆ ಮರ ಸಾಲದಾದಾಗ ೧೯೮೪ರಲ್ಲಿ ಕರ್ನಾಟಕ ಸರ್ಕಾರ ಇದೇ ಕಂಪನಿಯೊಂದಿಗೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆಯನ್ನು ಹುಟ್ಟುಹಾಕಿತು. ಸರ್ಕಾರದ ಪಾಲು ನೂರಕ್ಕೆ ೫೧, ಕಂಪನಿಯದು ೪೯. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಸುಮಾರು ೭೫ ಸಾವಿರ ಎಕರೆ ಭೂಮಿಯನ್ನು ಅದಕ್ಕೆ ವಹಿಸುವುದೆಂದು ನಿಶ್ಚಯವಾಯಿತು. ದಾವಣಗೆರೆ ಜಿಲ್ಲೆ ೧೯೯೭ರವರೆಗೆ ಹುಟ್ಟಿರಲಿಲ್ಲ; ನಗರವೂ ಹರಿಹರವೂ ಆಗ ಚಿತ್ರದುರ್ಗ ಜಿಲ್ಲೆಯವು.

ಕಾಗದದ ಮೇಲೆ ಆ ಭೂಮಿಗೆ ‘ಸಿ ಮತ್ತು ಡಿ ದರ್ಜೆಯ ಜಮೀನು’ ಎಂದು ಹೆಸರು, ಎಂದರೆ ಪಾಳು ಭೂಮಿ. ಹಳ್ಳಿಯವರ ಬಾಯಲ್ಲಿ ಅದು ದನ ಮೇಯುವ ಗೋಮಾಳ, ಸೊಪ್ಪು ತರುವ ಬೆಟ್ಟ, ನೇಗಿಲಿನ ಮರ ಸಿಗುವ ಕುರುಚಲು. ಪಾಳೆಂದು ಕರೆದವರು ಅಲ್ಲಿಗೆ ಹೋಗಿ ನೋಡಿರಲಿಲ್ಲ. ಸಮಾಜ ಪರಿವರ್ತನ ಸಮುದಾಯ ಈ ಯೋಜನೆಯ ವಿರುದ್ಧ ಹಳ್ಳಿಗಳಲ್ಲಿ ಜನರನ್ನು ಸಂಘಟಿಸಿತು. ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದ ಮೊಕದ್ದಮೆ ಸುಪ್ರೀಂ ಕೋರ್ಟನ್ನು ತಲುಪಿತು. ೧೯೮೭ರ ಮಾರ್ಚ್‌ನಲ್ಲಿ ತಡೆಯಾಜ್ಞೆ ದೊರೆಯಿತು. ಅದೇ ವರ್ಷ ನವೆಂಬರ್ ೧೪ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಗುಂಡಿಗಳಲ್ಲಿಯೇ ತಮಗೆ ಉಪಯೋಗಕ್ಕೆ ಬರುವ ಮರಗಳ ಸಸಿಗಳನ್ನು ನೆಟ್ಟರು. ‘ಕಿತ್ತಿಕೊ–ಹಚ್ಚಿಕೊ’ ಎಂದು ಹೆಸರಾದ ಸತ್ಯಾಗ್ರಹ ಅದು. ೧೯೯೧ರಲ್ಲಿ ಆ ಜಂಟಿ ಸಂಸ್ಥೆ ಮುಚ್ಚಿತು.

ಸಂಸ್ಥೆ ಮುಚ್ಚಿತೇ ಹೊರತು ಅದರ ಹಿಂದಿನ ಆಲೋಚನೆ ಮುಚ್ಚಲಿಲ್ಲ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ೧೯೮೦ರಲ್ಲಿ ನಾಲ್ವತ್ತು ವರ್ಷಗಳ ಗುತ್ತಿಗೆಯ ಮೇಲೆ ಮಲೆನಾಡಿನ ಅರಣ್ಯಭೂಮಿ ದೊರೆತಿತ್ತು. ಅಲ್ಲಿ ಅಕೇಶಿಯಾ, ನೀಲಗಿರಿಗಳ ಏಕಜಾತಿ ನೆಡುತೋಪುಗಳು ಎದ್ದವು. ೨೦೧೫ರ ವೇಳೆಗೆ ಕಾರ್ಖಾನೆಯ ಉತ್ಪಾದನೆ ನಿಂತುಹೋಯಿತು. ೨೦೨೦ರಲ್ಲಿ ಗುತ್ತಿಗೆಯ ಅವಧಿಯೂ ಮುಗಿಯಿತು. ಕಾಗದ ಮಾಡದ ಕಾಗದ ಕಾರ್ಖಾನೆಗೆ ಕಾಡೇಕೆ ಎಂದು ಯಾರಾದರೂ ಕೇಳಿಯಾರು. ಸರ್ಕಾರ ಕೇಳಲಿಲ್ಲ, ಸುಮಾರು ೨೦ ಸಾವಿರ ಹೆಕ್ಟೇರ್ ಭೂಮಿಯ ಗುತ್ತಿಗೆಯನ್ನು ಮತ್ತೆ ನಾಲ್ವತ್ತು ವರ್ಷಗಳಿಗೆ ನವೀಕರಿಸಿತು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಕೂಗು ಶಿವಮೊಗ್ಗ ಜಿಲ್ಲೆಯಲ್ಲಿ ಎದ್ದದ್ದು ಆಗಲೇ. ೨೦೧೭ರಲ್ಲಿ ನೀಲಗಿರಿ ನೆಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿದ್ದ ಸರ್ಕಾರವೇ ಮೂರು ವರ್ಷಗಳ ತರುವಾಯ ಇಂಥ ನವೀಕರಣಕ್ಕೆ ಸಹಿ ಹಾಕಿತೆಂಬುದನ್ನು ಮರೆಯುವಂತಿಲ್ಲ.

ಪೀಠೋಪಕರಣಕ್ಕೂ ಇದಕ್ಕೂ ಏನು ಸಂಬಂಧ? ಹರಿಹರದ ತಿರುಳಿನಿಂದ ಹಲಗೆ ಆಗುವುದಿಲ್ಲ, ನಿಜ. ಅದು ನೂಲಾಗಿ, ಬಟ್ಟೆಯಾಗುವ ಸರಕು. ಆದರೆ ಮರವನ್ನು ಮರವೆಂದು ಕಾಣದೆ ಟನ್ ಲೆಕ್ಕದ ನಾರೆಂದು ಕಾಣುವ ದೃಷ್ಟಿ ಎರಡೂ ಕಡೆ ಒಂದೇ. ಎಂ.ಡಿ.ಎಫ್. ಎಂಬ ಹಲಗೆಯನ್ನು ಮಾಡುವುದೂ ಬೇಗ ಬೆಳೆಯುವ ನೀಲಗಿರಿ, ಪಾಪ್ಲರ್‌ಗಳಂಥ ಮರಗಳನ್ನು ನಾರಾಗಿ ಒಡೆದು, ಅಂಟು ಬೆರೆಸಿ, ಬಿಸಿಯಲ್ಲಿ ಒತ್ತಿಯೇ. ಪಾರ್ಟಿಕಲ್ ಬೋರ್ಡಿನಲ್ಲಿ ನಾರಿನ ಬದಲು ಚೂರು, ಹೊಟ್ಟು. ಹರಿಯಾಣದ ಯಮುನಾನಗರದಲ್ಲಿ ಇಂಥ ಮರಗಳನ್ನೇ ನಂಬಿದ ಪ್ಲೈವುಡ್ ಉದ್ಯಮದ ದೊಡ್ಡ ಕೇರಿಯೇ ಇದೆ. ಅಲ್ಲಿನ ರೈತ ತನ್ನ ಗದ್ದೆಯ ಬದುವಿನಲ್ಲಿ ಪಾಪ್ಲರ್ ಬೆಳೆದುಕೊಂಡರೆ ಆಕ್ಷೇಪವಿಲ್ಲ. ಬೇಡಿಕೆ ಬೆಳೆದಂತೆಲ್ಲ ‘ಪಾಳು ಭೂಮಿ’ಯ ಹುಡುಕಾಟವೂ ಬೆಳೆಯುತ್ತದೆ, ಆ ಹುಡುಕಾಟ ಕೊನೆಗೆ ಗೋಮಾಳದ ಬೇಲಿಯ ಬಳಿ ಬಂದು ನಿಲ್ಲುತ್ತದೆ ಎಂಬುದು ಆಕ್ಷೇಪ.

ನೆಡುತೋಪಿನ ಮರ ಕೊಂಡರೆ ನೈಸರ್ಗಿಕ ಕಾಡು ಉಳಿಯುತ್ತದೆಂಬುದು ಇಲ್ಲಿ ಎದುರಾಗುವ ಮುಖ್ಯ ವಾದ. ಕೇಳಲು ಬಹಳ ಸೊಗಸು. ಮಲೆನಾಡಿನ ಅನುಭವ ಮಾತ್ರ ಬೇರೆ. ಇಲ್ಲಿ ನೆಡುತೋಪು ಎದ್ದದ್ದು ಕಾಡಿನ ಪಕ್ಕದಲ್ಲಲ್ಲ, ಕಾಡಿನ ಜಾಗದಲ್ಲಿ, ಹುಲ್ಲುಗಾವಲಿನ ಜಾಗದಲ್ಲಿ, ಸೊಪ್ಪಿನಬೆಟ್ಟದ ಜಾಗದಲ್ಲಿ. ಅಕೇಶಿಯಾ ತೋಪಿನ ಕೆಳಗೆ ಒರಲೆಯೂ ಬೇಗನೆ ತಿನ್ನದ ದಪ್ಪ ತರಗು ಬಿದ್ದಿರುತ್ತದೆ. ದನಕ್ಕೆ ಹುಲ್ಲಿಲ್ಲ, ಹಕ್ಕಿಗೆ ಹಣ್ಣಿಲ್ಲ. ಇನ್ನು ಬಾಳಿಕೆಯ ಮಾತು. ಹತ್ತು ವರ್ಷದೊಳಗೆ ಬೆಳೆದ ಮರದಿಂದಾದ ಕಪಾಟು ಹತ್ತು ವರ್ಷ ಬಾಳಿದರೆ ಲೆಕ್ಕ ಸರಿಹೋಗುತ್ತಿತ್ತೇನೋ. ಬಚ್ಚಲ ಪಕ್ಕದ ಗೋಡೆಗೆ ಆನಿಸಿಟ್ಟ ಒತ್ತುಹಲಗೆಯ ಕಪಾಟು ಒಂದು ಮಳೆಗಾಲದ ತೇವಕ್ಕೆ ಅಡಿಯಿಂದ ಉಬ್ಬುತ್ತದೆ. ಒಮ್ಮೆ ಕಿತ್ತ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಹಿಡಿಯುವುದಿಲ್ಲ. ಮನೆ ಬದಲಿಸುವಾಗ ಬಿಚ್ಚಿದರೆ ಜೋಡಣೆಯಾಗದು. ಅದನ್ನು ರಿಪೇರಿ ಮಾಡುವ ಬಡಗಿ ಇಲ್ಲ, ಕೊಳ್ಳುವ ಗುಜರಿಯವನೂ ಇಲ್ಲ; ಅಂಟಿನ ಕಾರಣದಿಂದ ಒಲೆಗೂ ಯೋಗ್ಯವಲ್ಲ.

ಆ ಅಂಟಿನ ಬಗ್ಗೆಯೂ ಒಂದು ಮಾತು ಆಗಬೇಕು. ಅಗ್ಗದ ಒತ್ತುಹಲಗೆಗಳಲ್ಲಿ ಬಳಸುವುದು ಸಾಮಾನ್ಯವಾಗಿ ಯೂರಿಯಾ–ಫಾರ್ಮಾಲ್ಡಿಹೈಡ್ ಅಂಟು. ಅದರಿಂದ ಫಾರ್ಮಾಲ್ಡಿಹೈಡ್ ಅನಿಲ ತಿಂಗಳು, ವರ್ಷಗಳ ಕಾಲ ಅಲ್ಪಸ್ವಲ್ಪವಾಗಿ ಹೊರಸೂಸುತ್ತದೆ. ಶಾಖವೂ ತೇವವೂ ಹೆಚ್ಚಿದಂತೆ ಸೂಸುವಿಕೆಯೂ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೨೦೦೪ರಲ್ಲಿ ಈ ಅನಿಲವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಸೂಸುವಿಕೆ ಕಡಿಮೆಯಿರುವ ‘ಇ–೧’, ‘ಇ–೦’ ದರ್ಜೆಯ ಹಲಗೆಗಳೂ ಇವೆ. ಆದರೆ ಕಂತಿನ ಅಂಗಡಿಯಲ್ಲಿ ದರ್ಜೆಯನ್ನು ಕೇಳಿದರೆ ಮಾರಾಟಗಾರ ಬಣ್ಣದ ಪಟ್ಟಿಯನ್ನು ಮುಂದಿಡುತ್ತಾನೆ. ದಾವಣಗೆರೆಯ ಏಪ್ರಿಲ್ ತಿಂಗಳಲ್ಲಿ, ಕಿಟಕಿ ಮುಚ್ಚಿ ತಂಪುಯಂತ್ರ ಹಾಕಿದ ಮಕ್ಕಳ ಕೋಣೆಯಲ್ಲಿ, ಹೊಸ ಕಪಾಟಿನ ಬಾಗಿಲು ತೆರೆದೊಡನೆ ಕಣ್ಣುರಿಸುವ ವಾಸನೆಗೆ ‘ಹೊಸತನದ ಪರಿಮಳ’ ಎಂದು ಹೆಸರಿಟ್ಟುಕೊಂಡವರಿಗೆ ಏನು ಹೇಳುವುದು?

ಹಳೆಯದನ್ನು ಬೇಡವೆನ್ನುವ ಇತರ ಕಾರಣಗಳು ಅಷ್ಟು ಗಂಭೀರವಲ್ಲ. ಸತ್ತವರ ಮಂಚದಲ್ಲಿ ಮಲಗಬಾರದೆನ್ನುತ್ತಾರೆ; ಸತ್ತವರು ಬಿಟ್ಟುಹೋದ ಹೊಲವನ್ನಾಗಲಿ ಮಳಿಗೆಯನ್ನಾಗಲಿ ಹೀಗೆ ತ್ಯಜಿಸಿದ ಉದಾಹರಣೆ ಕಡಿಮೆ. ತಿಗಣೆಯ ಭಯ ಮಾತ್ರ ವಾಸ್ತವವಾದದ್ದು. ಹಳೆಯ ಮಂಚದ ಸಂದುಗಳಲ್ಲಿ ಅದು ಅಡಗುತ್ತದೆ. ಕುದಿಯುವ ನೀರನ್ನು ಸಂದುಸಂದಿಗೆ ಹೊಯ್ದು ಎರಡು ಮೂರು ಬಾರಿ ಕಡುಬಿಸಿಲಿಗೆ ಹಾಕಿದರೆ ಬಹುಪಾಲು ಹೋಗುತ್ತದೆ. ಬಿಸಿಲಿಗೆ ದಾವಣಗೆರೆಯಲ್ಲಿ ಬರವಿಲ್ಲ.

ಹಾಗೆಂದು ಹಳೆಯದೆಲ್ಲವೂ ನಿರ್ದೋಷಿಯಲ್ಲ. ಬಣ್ಣ ಬಳಿದ ಹಳೆಯ ತೊಟ್ಟಿಲಿನ ವಿಷಯದಲ್ಲಿ ಎಚ್ಚರ ಅಗತ್ಯ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ ೯೦ ಭಾಗ ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ ಜಾರಿಗೆ ಬಂದದ್ದು ೨೦೧೭ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಸೀಸ ಧಾರಾಳವಾಗಿರಬಹುದು. ಅಂಥ ತೊಟ್ಟಿಲನ್ನು ಒಣಗಿದಂತೆಯೇ ಉಪ್ಪುಕಾಗದ ಹಾಕಿ ಉಜ್ಜಿದರೆ ಧೂಳೆಲ್ಲ ಬಡಗಿಯ ಎದೆಗೂ ಮನೆಯ ಮಗುವಿನ ಕೈಗೂ ಸೇರುತ್ತದೆ. ಒದ್ದೆ ಮಾಡಿ, ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆರೆಯಬೇಕು. ಕೆರೆದ ಚೂರನ್ನು ಹಿತ್ತಲಿಗೆ ಎಸೆಯಬಾರದು. ಒರಲೆಗೆ, ತಿಗಣೆಗೆ ಗ್ಯಾಮಾಕ್ಸಿನ್ ಪುಡಿ ಉದುರಿಸುವ ರೂಢಿಯೂ ಮನೆಗಳಲ್ಲಿತ್ತು. ಆ ಬಿ.ಎಚ್.ಸಿ. ಪುಡಿಯನ್ನು ದೇಶದಲ್ಲಿ ನಿಷೇಧಿಸಿದ್ದು ೧೯೯೭ರಲ್ಲಿ. ಹಳೆಯ ಸಂದೂಕದ ತಳದಲ್ಲಿ ಬಿಳಿ ಪುಡಿಯ ಗುರುತಿದ್ದರೆ ಅದರಲ್ಲಿ ದವಸ, ಹಾಸಿಗೆಗಳನ್ನು ಇಡುವುದು ಬೇಡ.

ಈಗ ಇನ್ನೊಂದು ಪಕ್ಷದ ಕಡೆಗೆ ತಿರುಗಬೇಕು. ಒತ್ತುಹಲಗೆಯನ್ನು ತಿರಸ್ಕರಿಸುವ ಸುಶಿಕ್ಷಿತರು ಈಚೆಗೆ ‘ವಿಂಟೇಜ್’, ‘ಆಂಟಿಕ್’ ಎಂಬ ಹಲಗೆ ತೂಗಿದ ಅಂಗಡಿಗಳನ್ನು ಹೊಕ್ಕು, ಪರಿಸರ ಉಳಿಸಿದೆವೆಂಬ ಸಮಾಧಾನದೊಂದಿಗೆ ಹೊರಬರುತ್ತಾರೆ. ಈ ಸಮಾಧಾನ ಬಹುಪಾಲು ಹುಸಿ. ಬೆಂಗಳೂರಿನಲ್ಲಿ ಮಲೆನಾಡಿನ ಕಂಬಕ್ಕೆ, ಕೆತ್ತನೆಯ ದಾರಂದಕ್ಕೆ, ಹಿತ್ತಾಳೆ ಬಡಿದ ಪತ್ತಾಸಕ್ಕೆ ಬೆಲೆ ಬಂದಂದಿನಿಂದ ಏಜೆಂಟರು ತೀರ್ಥಹಳ್ಳಿ, ಸಾಗರ, ಸಿದ್ದಾಪುರಗಳ ಹಳ್ಳಿಗಳಲ್ಲಿ ಅಲೆಯುತ್ತಾರೆ. ಅಡಿಕೆಗೆ ರೋಗ ಬಂದ ವರ್ಷ, ಮಗಳ ಮದುವೆಯ ವರ್ಷ, ಆಸ್ತಿ ಪಾಲಾದ ವರ್ಷ ಅವರಿಗೆ ಸುಗ್ಗಿ. ಮನೆ ನಿಂತಿರುವಾಗಲೇ ಅದರ ಎಲುಬು ಮಾರಾಟವಾಗುತ್ತದೆ. ಉಳಿಯಬಹುದಾಗಿದ್ದ ಮನೆ ಕಂಬ ಕಿತ್ತ ಕಾರಣಕ್ಕೇ ಮುಂದಿನ ಮಳೆಗೆ ಕುಸಿಯುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಬಿದ್ದುಹೋಗಲಿದ್ದ ಮನೆಗಳನ್ನು ಇಡಿಯಾಗಿ ಬಿಚ್ಚಿ ತಂದು ಮತ್ತೆ ಇಡಿಯಾಗಿ ನಿಲ್ಲಿಸಲಾಯಿತು. ಅದು ಬೇರೆ ಕೆಲಸ. ಕಂಬ ಒಂದು ಕಡೆ, ಬೋದಿಗೆ ಒಂದು ಕಡೆ, ಬಾಗಿಲು ಹೋಟೆಲಿನ ಗೋಡೆಯ ಅಲಂಕಾರಕ್ಕೆ ಎಂಬ ವ್ಯಾಪಾರವನ್ನು ಸಂರಕ್ಷಣೆಯೆಂದು ಕರೆಯುವುದು ಶಬ್ದದ ದುರುಪಯೋಗ. ನೂರು ವರ್ಷ ಮೀರಿದ ಕಲಾಕೃತಿಗಳ ಮಾರಾಟಕ್ಕೆ ಪರವಾನಗಿ ಬೇಕೆಂದೂ ಅವುಗಳನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸಕೂಡದೆಂದೂ ೧೯೭೨ರ ಪ್ರಾಚ್ಯವಸ್ತು ಕಾಯಿದೆ ಹೇಳುತ್ತದೆ. ಎಷ್ಟು ಅಂಗಡಿಗಳ ಗೋಡೆಯ ಮೇಲೆ ಆ ಪರವಾನಗಿ ತೂಗಿದೆಯೆಂದು ಗ್ರಾಹಕರೇ ಕಣ್ಣೆತ್ತಿ ನೋಡಬಹುದು.

ಇದಕ್ಕಿಂತ ಘೋರವಾದದ್ದು ಹಳೆಯದರ ವೇಷ ತೊಟ್ಟ ಹೊಸ ಮರ. ಬೀಟೆಯ ಕುಲದ ಮರಗಳೆಲ್ಲವೂ ೨೦೧೭ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ. ರಾಜ್ಯದಲ್ಲಿ ಅದನ್ನು ಕಡಿಯಲೂ ಸಾಗಿಸಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಆದ್ದರಿಂದಲೇ ಕದ್ದು ಕಡಿದ ಮರಕ್ಕೆ ‘ಅಜ್ಜನ ಕಾಲದ್ದು’ ಎಂಬ ವಂಶಾವಳಿ ಬಲು ಉಪಯುಕ್ತ. ಹೊಸ ಹಲಗೆಗೆ ಪರ್‌ಮ್ಯಾಂಗನೇಟ್ ಬಳಿದು ಕಪ್ಪಾಗಿಸುವುದು, ಸರಪಳಿಯಿಂದ ಬಡಿದು ಗಾಯ ಮಾಡುವುದು, ಮೊಳೆ ತೂರಿಸಿ ಹುಳು ಕೊರೆದ ತೂತಿನಂತೆ ಕಾಣಿಸುವುದು ಕಷ್ಟದ ವಿದ್ಯೆಯೇನಲ್ಲ.

ವೇಷವನ್ನು ಕಳಚುವುದೂ ಕಷ್ಟವಲ್ಲ. ಮುಂಭಾಗವನ್ನು ಬಿಟ್ಟು ಹಿಂಭಾಗವನ್ನು ನೋಡಬೇಕು, ಅಷ್ಟೆ. ನಿಜವಾದ ಹಳೆಯ ಮೇಜಿನ ಡ್ರಾಯರನ್ನು ಪೂರ್ತಿ ಹೊರಗೆಳೆದು ತಿರುವಿ ಹಾಕಿದರೆ ತಳದ ಹಲಗೆ ಪಾಲಿಶ್ ಕಾಣದೆ, ಒಣಗಿ, ಬೂದುಬಣ್ಣಕ್ಕೆ ತಿರುಗಿರುತ್ತದೆ. ಒಳಗೂ ಹೊರಗೂ ಒಂದೇ ಬಣ್ಣವಿದ್ದರೆ ಅದು ಬಳಿದ ಬಣ್ಣ. ಗುಂಡಿ ತೋಡಿ, ಮೇಲೊಬ್ಬ ಕೆಳಗೊಬ್ಬ ನಿಂತು ಕೈಗರಗಸದಿಂದ ಕೊಯ್ದ ಹಲಗೆಯ ಹಿಂಬದಿಯಲ್ಲಿ ಗೆರೆಗಳು ನೇರವಾಗಿದ್ದರೂ ಏರುಪೇರಾಗಿರುತ್ತವೆ. ಬಿಲ್ಲಿನಂತೆ ಬಾಗಿದ ಗೆರೆಗಳು ಯಂತ್ರದ ದುಂಡುಗರಗಸದವು. ಹಳೆಯ ಪೆಟ್ಟಿಗೆಗಳ ಮೂಲೆಗಳು ಎರಡು ಕೈಗಳ ಬೆರಳು ಹೆಣೆದಂತೆ ಒಂದರೊಳಗೊಂದು ಕೂತಿರುತ್ತವೆ, ಮತ್ತು ಕೈಯಿಂದ ಕಡಿದ ಕಾರಣ ಯಾವ ಎರಡು ಬೆರಳೂ ಒಂದೇ ಅಳತೆಯಲ್ಲಿರುವುದಿಲ್ಲ. ಮಂಚದ ಕಾಲಿನ ಕೂಡಿಕೆಯಲ್ಲಿ ಕಬ್ಬಿಣದ ಬದಲು ಬಿದಿರಿನ ಮೊಳೆ ಕಂಡರೆ ಸಂತೋಷಪಡಬಹುದು. ಸ್ವಾತಂತ್ರ್ಯಪೂರ್ವದ್ದೆಂದು ಹೇಳಲಾಗುವ ಕಪಾಟಿನ ಕೀಲುಗಳಲ್ಲಿ ತಲೆಯ ಮೇಲೆ ಕೂಡುಚಿಹ್ನೆಯ ಸ್ಕ್ರೂ ಇದ್ದರೆ ಕಪಾಟಿಗಿಂತ ಕತೆ ಹಳೆಯದು. ಕೈಪಿಡಿ, ಡ್ರಾಯರಿನ ಅಂಚು, ಕುರ್ಚಿಯ ತೋಳುಗಳು ಮನುಷ್ಯನ ಕೈ ಬೀಳುವಲ್ಲಿ ಮಾತ್ರ ಸವೆದಿರಬೇಕು. ಕೈ ಬೀಳದ ಕಡೆಯಲ್ಲೂ ಸಮನಾಗಿ ಸವೆದಿದ್ದರೆ ಅದು ಉಪ್ಪುಕಾಗದದ ಕೆಲಸ.

ಇಷ್ಟೆಲ್ಲ ಪರೀಕ್ಷಿಸಿ ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ, ಸ್ವಂತ ಮನೆಯಲ್ಲಿ ಈಗಾಗಲೇ ಇರುವುದನ್ನು ಕೆಳಗಿಳಿಸುವುದು ಮೇಲು. ಅದು ಇಲ್ಲದವರಿಗೆ ಊರಿನಲ್ಲಿಯೇ ಬೀಳುತ್ತಿರುವ ಮನೆಗಳಿವೆ. ಜಂತೆಯೊಂದರಲ್ಲಿ ಮೇಜಿನ ನಾಲ್ಕು ಕಾಲು ಅಡಗಿರುತ್ತವೆ. ಹಳೆಯ ಬಾಗಿಲಿನ ಹಲಗೆ ಪುಸ್ತಕದ ಗೂಡಾಗುತ್ತದೆ. ಬೀಟೆ ಸಾಗುವಾನಿಗಳೇ ಬೇಕೆಂಬ ಹಟವೂ ಸಲ್ಲದು. ಬಯಲುಸೀಮೆಯ ಬಡಗಿಗಳು ತಲೆಮಾರುಗಳಿಂದ ಬೇವು, ಮಾವು, ಜಾಲಿ, ಹಲಸುಗಳಲ್ಲಿ ಕೆಲಸ ಮಾಡಿದವರು. ಹಲಸಿನ ಮರ ಹೊಸದರಲ್ಲಿ ಹಳದಿಯಾಗಿದ್ದು ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಬೇವಿಗೆ ಹುಳು ಹತ್ತಿರ ಸುಳಿಯುವುದು ಕಡಿಮೆ. ಇದಕ್ಕೆ ಪ್ರತಿಯಾಗಿ, ‘ಅಪ್ಪಟ ಸಾಗುವಾನಿ’ ಎಂದು ಇಂದು ದುಬಾರಿ ಬೆಲೆಗೆ ಮಾರುವ ಹದಿನೈದು ಇಪ್ಪತ್ತು ವರ್ಷದ ತೋಪಿನ ಮರದಲ್ಲಿ ಬಿಳಿಯ ಹೊರಮರವೇ ಹೆಚ್ಚು. ಒರಲೆಯನ್ನು ದೂರವಿಡುವ ಎಣ್ಣೆಯಂಶ ಇರುವುದು ಬಲಿತ ಚೇಗಿನಲ್ಲಿ. ಹೆಸರು ಸಾಗುವಾನಿಯದು, ಗುಣ ಇನ್ನೂ ಬಂದಿಲ್ಲ.

ಬೆತ್ತ, ಬಿದಿರುಗಳ ಕತೆಯೂ ಇದರೊಂದಿಗೆ ಹೆಣೆದುಕೊಂಡಿದೆ. ೧೯೫೦ರ ದಶಕದ ಕೊನೆಯಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಸರ್ಕಾರ ಬಿದಿರನ್ನು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಗೆ ಎಂದು ಮಾಧವ ಗಾ‌ಡ್ಗೀಳರು ಮತ್ತೆ ಮತ್ತೆ ಬರೆದರು. ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರಿಗೆ ಅದರ ಎಷ್ಟೋ ಪಟ್ಟು ತೆರಬೇಕಾಗಿತ್ತು. ಬಿದಿರು ಬರಿದಾಯಿತು, ಹೆಣೆಯುವ ಕೈಗಳು ಬೇರೆ ಕೂಲಿಗೆ ಹೋದವು. ಇಂದು ಅಜ್ಜನ ಆರಾಮಕುರ್ಚಿಗೆ ಬೆತ್ತ ಹೆಣೆಸಬೇಕೆಂದರೆ ಊರೆಲ್ಲ ವಿಚಾರಿಸಬೇಕು. ಸಿಕ್ಕವರೂ ಪ್ಲಾಸ್ಟಿಕ್ ಪಟ್ಟಿ ಹಾಕಲೇ ಎಂದು ಕೇಳುತ್ತಾರೆ. ಆ ಕುರ್ಚಿ ಗುಜರಿಗೆ ಹೋಗುವುದು ಮರ ಹಾಳಾದದ್ದರಿಂದಲ್ಲ, ಕೈ ಇಲ್ಲವಾದದ್ದರಿಂದ.

ಹೊಣೆಯನ್ನೆಲ್ಲ ಗೃಹಸ್ಥರ ಹೆಗಲಿಗೇ ಹೊರಿಸುವುದು ಸರ್ಕಾರಗಳಿಗೆ ಬಹಳ ಪ್ರಿಯವಾದ ಉಪಾಯ. ಅದಕ್ಕೆ ಇಲ್ಲಿ ಅವಕಾಶ ಕೊಡುವಂತಿಲ್ಲ. ೧೯೯೩ರಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆ ಕಾಡು ಉಳಿಸುವ ಹೆಸರಿನಲ್ಲಿ ತನ್ನ ಕಟ್ಟಡಗಳಲ್ಲಿ ಮರದ ಬಳಕೆಯನ್ನು ನಿಷೇಧಿಸಿತು. ಅಲ್ಯೂಮಿನಿಯಂ, ಪ್ಲಾಸ್ಟಿಕ್‌ಗಳು ಒಳಬಂದವು. ೨೦೨೦ರಲ್ಲಿ ಅದೇ ಇಲಾಖೆ ಪರಿಸರದ ಹೆಸರಿನಲ್ಲಿಯೇ ನಿಷೇಧವನ್ನು ತೆರವುಗೊಳಿಸಿತು. ಈ ಇಪ್ಪತ್ತೇಳು ವರ್ಷಗಳಲ್ಲಿ ಬಳಸಿದ ಮರವನ್ನು ಮತ್ತೆ ಬಳಸುವ ಬಗ್ಗೆ ಒಂದು ಗಟ್ಟಿ ನೀತಿ ಮಾತ್ರ ಹುಟ್ಟಲಿಲ್ಲ. ೨೦೧೬ರಲ್ಲಿ ಕೇಂದ್ರ ಹೊರಡಿಸಿದ ಕಟ್ಟಡ ತ್ಯಾಜ್ಯ ನಿಯಮಗಳು ತ್ಯಾಜ್ಯವನ್ನು ವಿಂಗಡಿಸಬೇಕೆಂದವು. ವಿಂಗಡಣೆಯಲ್ಲಿ ಮರವೂ ಪ್ಲಾಸ್ಟಿಕ್ಕೂ ಒಂದೇ ಗುಂಪಾಗಿದ್ದವು! ಅದೂ ದಿನಕ್ಕೆ ೨೦ ಟನ್ ಅಥವಾ ತಿಂಗಳಿಗೆ ೩೦೦ ಟನ್ ಮೀರಿ ತ್ಯಾಜ್ಯ ಹುಟ್ಟಿಸುವವರಿಗೆ ಮಾತ್ರ ಆ ಕಟ್ಟಳೆಯಿತ್ತು. ಚೌಕಿಪೇಟೆಯ ಒಂದು ಮನೆ ಬಿದ್ದರೆ ಆ ನಿಯಮಕ್ಕೆ ಅದು ಕಾಣುತ್ತಲೇ ಇರಲಿಲ್ಲ.

ದಾವಣಗೆರೆ ೨೦೧೬ರ ಜನವರಿಯಲ್ಲಿ ದೇಶದ ಮೊದಲ ಇಪ್ಪತ್ತು ‘ಸ್ಮಾರ್ಟ್ ಸಿಟಿ’ಗಳಲ್ಲಿ ಒಂದಾಗಿ ಆಯ್ಕೆಯಾದ ನಗರ. ಅಂಥ ನಗರದ ಪಾಲಿಕೆಗೆ ಕಷ್ಟವಲ್ಲದ ಕೆಲವು ಕೆಲಸಗಳಿವೆ. ಹಳೆಯ ಕಟ್ಟಡ ಕೆಡವಲು ಅನುಮತಿ ನೀಡುವಾಗ, ಯಂತ್ರ ತರುವ ಮೊದಲು ಮರವನ್ನು ಕೈಯಿಂದ ಬಿಚ್ಚಿ ತೆಗೆಯಬೇಕೆಂಬ ಷರತ್ತು ಹಾಕಬಹುದು. ಬಿಚ್ಚಿದ ಮರವನ್ನು ಇಡಲು, ಅಳೆಯಲು, ಬಡಗಿಗಳು ಬಂದು ಕೊಳ್ಳಲು ಹರಿಹರ ರಸ್ತೆಯಲ್ಲೋ ಇನ್ನೆಲ್ಲೋ ಒಂದು ಅಂಗಳವನ್ನು ಕೊಡಬಹುದು. ಖರೀದಿಯ ಚೀಟಿಯಲ್ಲಿ ಯಾವ ಮನೆಯ ಮರವೆಂದು ಬರೆದುಕೊಟ್ಟರೆ ಕದ್ದ ಮರ ಅದರ ನಡುವೆ ನುಸುಳುವುದು ಕಷ್ಟವಾಗುತ್ತದೆ. ಸರ್ಕಾರಿ ಕಚೇರಿ, ಶಾಲೆಗಳ ಹಿತ್ತಲಿನಲ್ಲಿ ಮಳೆಗೆ ನೆನೆಯುತ್ತ ವಿಲೇವಾರಿಯ ಆದೇಶಕ್ಕಾಗಿ ಕಾಯುವ ಬೆಂಚು, ಮೇಜುಗಳನ್ನು ಮೊದಲು ದುರಸ್ತಿಗೆ ಕಳುಹಿಸಿ, ಆಗದವನ್ನು ಮಾತ್ರ ಹರಾಜು ಹಾಕಬಹುದು. ಈ ಬೆಂಚುಗಳ ಜಾಗಕ್ಕೆ ಬರುವ ಒತ್ತುಹಲಗೆಯ ಮೇಜುಗಳ ಟೆಂಡರಿನಲ್ಲಿ ಯಾರಿಗೆ ಆಸಕ್ತಿಯಿದೆ ಎಂಬುದು ಬೇರೆ ವಿಷಯ.

ಬಡಗಿಗಳ ಮಾತನ್ನೂ ಕೇಳಬೇಕು. ಹಳೆಯ ಮರ ಬೇಡವೆನ್ನುವವರಲ್ಲಿ ಅವರೂ ಇದ್ದಾರೆ, ಅವರ ಕಾರಣ ಸಕಾರಣವೇ. ಜಂತೆಯೊಳಗೆ ಮುರಿದು ಹೂತುಹೋದ ಒಂದು ಮೊಳೆ ಸಾಕು, ಯಂತ್ರದ ಅಲಗಿನ ಹಲ್ಲು ಹಾರಿಹೋಗುತ್ತದೆ. ಅಲಗಿನ ಬೆಲೆ ದಿನದ ಕೂಲಿಗಿಂತ ಹೆಚ್ಚು. ಮರ ಅಗ್ಗವೆಂದು ಮನೆಯವರು ಕೂಲಿಯಲ್ಲಿಯೂ ಚೌಕಾಸಿ ಮಾಡುತ್ತಾರೆ. ಹೊಸ ಹಲಗೆ ಕತ್ತರಿಸಿ ಸನ್‌ಮೈಕಾ ಅಂಟಿಸಿದರೆ ಎರಡು ದಿನದ ಕೆಲಸ. ಹಳೆಯ ಮರದಲ್ಲಿ ಅದೇ ಕಪಾಟಿಗೆ ಒಂದು ವಾರ. ಆದ್ದರಿಂದ ಕೆಲಸವನ್ನು ಒಪ್ಪಿಸುವ ಮೊದಲೇ ಮರದ ಉದ್ದಕ್ಕೂ ಅಯಸ್ಕಾಂತ ಆಡಿಸಿ ಮೊಳೆಯಿರುವಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಬೇಕು. ಮೊಳೆ ಕೀಳುವ ಕೂಲಿಯನ್ನು ಬೇರೆಯಾಗಿ, ಮೊದಲೇ ಗೊತ್ತುಮಾಡಬೇಕು. ಕೀಳಲಾಗದ ಮೊಳೆಯ ಭಾಗವನ್ನು ಕತ್ತರಿಸಿ ತೆಗೆದಾಗ ಮರ ಗಿಡ್ಡವಾಯಿತೆಂದು ಬಡಗಿಯ ಮೇಲೆ ರೇಗಬಾರದು. ಪಾಲಿಶ್‌ಗೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಸಾಕು. ಗೀಚು ಬಿದ್ದರೆ ಅದರ ಮೇಲೆಯೇ ಮತ್ತೊಂದು ಕೈ ಹಚ್ಚಬಹುದು.